ಮನೆಗೆ ಎಸಿ ಹಾಕಿಸುವ ಮೊದಲು: ಖರ್ಚಿನ ಲೆಕ್ಕ, ಬೇಕಾದ ತಯಾರಿ, ಫಿಟ್ಟಿಂಗ್ ದಿನದ ಕಾವಲು

ಫ್ರಿಜ್ ತಂದು ಪ್ಲಗ್ ಹಾಕಿದರೆ ಕೆಲಸ ಮುಗಿಯಿತು. ಅದರ ಗ್ಯಾಸು, ಪೈಪು, ಕಂಪ್ರೆಸರ್ ಎಲ್ಲವನ್ನೂ ಕಾರ್ಖಾನೆಯಲ್ಲೇ ಬೆಸೆದು ಮುಚ್ಚಿರುತ್ತಾರೆ. ಸ್ಪ್ಲಿಟ್ ಎಸಿ ಹಾಗಲ್ಲ. ಅದು ಮನೆಗೆ ಬರುವುದೇ ಎರಡು ತುಂಡಾಗಿ. ಆ ಎರಡನ್ನು ಸೇರಿಸಿ ಒಂದು ಯಂತ್ರ ಮಾಡುವ ಕೆಲಸ ನಡೆಯುವುದು ನಿಮ್ಮ ಗೋಡೆಯ ಮೇಲೆ, ಒಬ್ಬ ಮೆಕ್ಯಾನಿಕ್ ಕೈಯಲ್ಲಿ, ಎರಡು ಮೂರು ಗಂಟೆಯಲ್ಲಿ. ಹಾಗಾಗಿ ಯಾವ ಕಂಪನಿಯ ಎಸಿ ತಗೊಂಡಿರಿ ಅನ್ನುವುದಕ್ಕಿಂತ, ಅದನ್ನು ಹೇಗೆ ಕೂರಿಸಿದರು ಅನ್ನುವುದು ನಿಮ್ಮ ಜೇಬಿಗೆ ಜಾಸ್ತಿ ಮುಖ್ಯ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟೇ. ನಮ್ಮ ಮನೆಯ ಮೊದಲ ಎಸಿಯನ್ನು ನಲವತ್ತೇ ನಿಮಿಷದಲ್ಲಿ ಕೂರಿಸಿ ಹೋದರು. ಎಷ್ಟು ಚುರುಕು ಅಂತ ಖುಷಿಪಟ್ಟಿದ್ದೆ. ಮರುವರ್ಷ ತಂಪು ಕಡಿಮೆಯಾಯಿತು, ಗ್ಯಾಸ್ ತುಂಬಿಸಿದೆವು. ಅದರ ಮರುವರ್ಷವೂ ಅದೇ ಕತೆ. ಮೂರನೇ ಸಲ ಬಂದವನು ಗ್ಯಾಸ್ ಸಿಲಿಂಡರ್ ಮುಟ್ಟುವ ಮೊದಲು ಸೋಪಿನ ನೀರು ಕೇಳಿದ. ಒಳಗಿನ ಯೂನಿಟ್ಟಿನ ಹಿಂದಿದ್ದ ಒಂದು ನಟ್ಟಿನ ಸುತ್ತ ಸಣ್ಣಗೆ ಗುಳ್ಳೆ ಎದ್ದವು. ಮೊದಲ ದಿನವೇ ಸರಿಯಾಗಿ ಬಿಗಿಯದ ನಟ್ಟು ಅದು.

ಹೆಜ್ಜೆ 1: ಕೋಣೆಯ ಬಿಸಿ ಎಲ್ಲಿಂದ ಬರುತ್ತಿದೆ ನೋಡಿ

ಎಸಿಯ ಅಳತೆ ಟನ್ನಿನಲ್ಲಿ. ಇದು ಯಂತ್ರದ ತೂಕವಲ್ಲ. ಹಿಂದೆ ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಲೆಕ್ಕ. 2,000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಆ ವೇಗವೇ ಒಂದು ಟನ್. ಗಂಟೆಗೆ 12,000 ಬಿಟಿಯು (ಬಿಸಿ ಅಳೆಯುವ ಒಂದು ಮಾನ), ಅಂದರೆ ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಹಾಕುವ ಶಕ್ತಿ.

ಚದರ ಅಡಿಗೆ ಇಷ್ಟು ಟನ್ ಎಂದು ಅಂಗಡಿಯಲ್ಲಿ ಹೇಳುವ ಲೆಕ್ಕ ಬರೀ ಒಂದು ಅಂದಾಜು. ಅದನ್ನೇ ಕಣ್ಣುಮುಚ್ಚಿ ನಂಬಬೇಡಿ. ನೆರಳಲ್ಲಿರುವ, ಗೋಡೆ ಮತ್ತು ಛಾವಣಿಗೆ ಶಾಖ ತಡೆಯುವ ಪದರ ಹಾಕಿರುವ ಕೋಣೆಗೆ ಚದರ ಅಡಿಗೆ ಗಂಟೆಗೆ 20 ಬಿಟಿಯು ಸಾಕಾಗಬಹುದು. ಅಷ್ಟೇ ದೊಡ್ಡ ಕೋಣೆ ಮೇಲಿನ ಮಹಡಿಯಲ್ಲಿದ್ದು, ತಲೆಯ ಮೇಲೆ ಬಿಸಿಲಿಗೆ ಕಾದ ಕಾಂಕ್ರೀಟ್ ಇದ್ದರೆ ಅದರ ಮೂರು ಪಟ್ಟು ಬೇಕಾದರೂ ಆಶ್ಚರ್ಯವಿಲ್ಲ.

ಅದಕ್ಕೇ ಟೇಪು ಹಿಡಿಯುವ ಮೊದಲು ಒಂದು ಮಧ್ಯಾಹ್ನ ಮೂರು ಗಂಟೆಗೆ ಆ ಕೋಣೆಯಲ್ಲಿ ಸುಮ್ನೆ ನಿಲ್ಲಿ. ಗೋಡೆ ಮುಟ್ಟಿ ನೋಡಿ. ಪಶ್ಚಿಮದ ಗೋಡೆ ಬಿಸಿಯಿದೆಯಾ? ಕಿಟಕಿಯಿಂದ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿದೆಯಾ? ನೆರಳಿಲ್ಲದ ಗಾಜಿನ ಕಿಟಕಿಯೊಳಗೆ ಸಂಜೆ ಬಿಸಿಲು ಬಂದರೆ ಪ್ರತಿ ಚದರ ಮೀಟರಿಗೆ ಸುಮಾರು 500 ವ್ಯಾಟ್ ಬಿಸಿ ಒಳಬರುತ್ತದೆ. ಎರಡು ಚದರ ಮೀಟರ್ ಕಿಟಕಿ ಅಂದರೆ ಒಂದು ಕಿಲೋವ್ಯಾಟ್ ಹೀಟರ್ ಹಚ್ಚಿಟ್ಟ ಹಾಗೆ. ಒಂದು ಟನ್ ಎಸಿಯ ಕಾಲು ಭಾಗಕ್ಕೂ ಹೆಚ್ಚು ಶಕ್ತಿ ಆ ಒಂದು ಕಿಟಕಿಯ ಜೊತೆ ಗುದ್ದಾಡುವುದಕ್ಕೇ ಹೋಗುತ್ತದೆ. ಹೋಲಿಸಿ ನೋಡಿದರೆ ಸುಮ್ಮನೆ ಕೂತ ಮನುಷ್ಯನಿಂದ ಬರುವುದು ಸುಮಾರು 100 ವ್ಯಾಟ್ ಅಷ್ಟೇ.

ಆ ಕಿಟಕಿಗೆ ಹೊರಗಿನಿಂದ ನೆರಳು ಕೊಡಿ. ಒಳಗಿನ ಪರದೆಗಿಂತ ಹೊರಗಿನ ಚಪ್ಪರ, ಬಿದಿರಿನ ತಟ್ಟಿ ವಾಸಿ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಅದನ್ನು ಅರ್ಧಂಬರ್ಧ ಮಾತ್ರ ತಡೆಯುತ್ತದೆ. ತಾರಸಿಗೆ ಬಿಳಿ ಬಣ್ಣ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ. ಇಷ್ಟು ಮಾಡಿದರೆ ಎಷ್ಟೋ ಕಡೆ ಅರ್ಧ ಟನ್ ಚಿಕ್ಕ ಎಸಿ ಸಾಕಾಗುತ್ತದೆ. ಒಂದೇ ಸಲದ ಖರ್ಚು, ಎಸಿ ಇರುವಷ್ಟು ವರ್ಷವೂ ಉಳಿತಾಯ.

ಇರಲಿ ಬಿಡಿ, ಒಂದು ಸೈಜು ದೊಡ್ಡದೇ ತಗೊಳ್ಳೋಣ ಅನ್ನುವವರು ಬಹಳ. ಅದರಲ್ಲೂ ತೊಂದರೆಯಿದೆ. ಎಸಿ ಗಾಳಿಯನ್ನು ತಂಪು ಮಾಡುವ ಜೊತೆಗೆ ಅದರ ತೇವವನ್ನೂ ತೆಗೆಯಬೇಕು. ತೀರಾ ದೊಡ್ಡ ಯಂತ್ರ ಐದೇ ನಿಮಿಷದಲ್ಲಿ ಕೋಣೆಯನ್ನು ತಣ್ಣಗಾಗಿಸಿ ನಿಂತುಬಿಡುತ್ತದೆ. ತೇವ ಹಾಗೇ ಉಳಿಯುತ್ತದೆ. ಚಳಿಯೂ ಹೌದು, ಅಂಟಂಟೂ ಹೌದು. ಕಂಪ್ರೆಸರಿನ ವೇಗ ಬದಲಿಸಬಲ್ಲ ಇನ್ವರ್ಟರ್ ಎಸಿ ಆ ವೇಗ ತಗ್ಗಿಸಿಕೊಂಡು ಇದನ್ನು ಸ್ವಲ್ಪ ಸಂಭಾಳಿಸುತ್ತದೆ, ಆದರೆ ಅದಕ್ಕೂ ಕೆಳಗಿನ ಮಿತಿ ಇದೆ.

ಹೆಜ್ಜೆ 2: ಯಾವ ಬಗೆಯ ಎಸಿ

ವಿಂಡೋ ಎಸಿ ಫ್ರಿಜ್ಜಿನ ಹಾಗೆ ಕಾರ್ಖಾನೆಯಲ್ಲೇ ಮುಚ್ಚಿ ಬರುತ್ತದೆ. ಕೂರಿಸುವ ಖರ್ಚು ಕಡಿಮೆ, ಗ್ಯಾಸ್ ಸೋರುವ ಜಾಗಗಳೂ ಕಡಿಮೆ. ಸದ್ದು ಜಾಸ್ತಿ, ಕಿಟಕಿ ಹೋಗುತ್ತದೆ. ಬಾಡಿಗೆ ಮನೆಯವರು ಇದನ್ನು ಕೀಳಾಗಿ ನೋಡಬೇಕಿಲ್ಲ. ಬಿಚ್ಚಿಕೊಂಡು ಹೋಗುವುದು ಸಲೀಸು.

ಚಕ್ರದ ಮೇಲೆ ಓಡಾಡಿಸುವ ಪೋರ್ಟಬಲ್ ಎಸಿ ನೋಡಲು ಸುಲಭದ ದಾರಿ. ಆದರೆ ಒಂದೇ ಕೊಳವೆಯ ಮಾದರಿಯಾದರೆ ಅದು ಕೋಣೆಯ ತಂಪು ಗಾಳಿಯನ್ನೇ ಹೊರಗೆ ದಬ್ಬುತ್ತದೆ. ಆ ಖಾಲಿ ತುಂಬಲು ಹೊರಗಿನ ಬಿಸಿಗಾಳಿ ಬಾಗಿಲ ಸಂದಿಯಿಂದ ನುಗ್ಗುತ್ತದೆ. ಬೇರೆ ಯಾವುದೂ ಕೂರುವುದೇ ಇಲ್ಲ ಎಂದಾಗ ಮಾತ್ರ ಇದು.

ಮಲ್ಟಿ ಸ್ಪ್ಲಿಟ್ ಅಂದರೆ ಹೊರಗೆ ಒಂದು, ಒಳಗೆ ಎರಡು ಮೂರು ಯೂನಿಟ್. ಹೊರಗೆ ಜಾಗವಿಲ್ಲದವರಿಗೆ ಸರಿ. ಹೊರಗಿನದು ಕೆಟ್ಟರೆ ಎಲ್ಲ ಕೋಣೆಯೂ ಒಟ್ಟಿಗೆ ಬೇಯುತ್ತದೆ ಅನ್ನುವುದು ನೆನಪಿರಲಿ.

ಉಳಿದದ್ದು ಸಾಮಾನ್ಯ ಸ್ಪ್ಲಿಟ್. ಮುಂದಿನ ಮಾತೆಲ್ಲ ಅದರ ಬಗ್ಗೆಯೇ.

ಹೆಜ್ಜೆ 3: ವೈರಿಂಗ್ ತಾಳುತ್ತದೆಯೇ

ಒಂದೂವರೆ ಟನ್ ಎಸಿ ಹೊರಹಾಕುವ ಬಿಸಿ ಸುಮಾರು 5.3 ಕಿಲೋವ್ಯಾಟ್. ಒಂದು ಪಾಲು ಕರೆಂಟಿಗೆ ಮೂರೂವರೆ ಪಾಲು ಬಿಸಿ ಸಾಗಿಸುವ ಯಂತ್ರವಾದರೆ ಅದು ಎಳೆಯುವುದು 1.5 ಕಿಲೋವ್ಯಾಟ್. 230 ವೋಲ್ಟಿನಲ್ಲಿ ಏಳು ಆಂಪಿಯರ್ ಆಸುಪಾಸು. ಇಷ್ಟೇನಾ ಅನಿಸಬಹುದು. ಆದರೆ ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಎಳೆದು ಬಿಡುತ್ತದೆ, ಎಸಿ ರಾತ್ರಿಯಿಡೀ ಎಳೆಯುತ್ತದೆ. ಸಡಿಲವಾದ ಒಂದು ಸ್ಕ್ರೂ, ಕಳಪೆ ಸಾಕೆಟ್ ನಿಧಾನಕ್ಕೆ ಸುಟ್ಟು ಕಪ್ಪಾಗಲು ಅಷ್ಟು ಹೊತ್ತು ಬೇಕಾದಷ್ಟಾಯಿತು. ಹಳೇ ಬಗೆಯ ಫಿಕ್ಸೆಡ್ ಸ್ಪೀಡ್ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ವರ್ಟರಿನಲ್ಲಿ ಆ ಜಗ್ಗಾಟವಿಲ್ಲ.

ಎಸಿ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಇಷ್ಟು ಮಾಡಿಸಿ. ಮೇನ್ ಬೋರ್ಡಿನಿಂದ ನೇರವಾಗಿ ಎಸಿಗೇ ಒಂದು ಪ್ರತ್ಯೇಕ ಲೈನು. ಒಂದೂವರೆ ಟನ್ನಿಗೆ 4 ಚದರ ಮಿಮೀ ತಾಮ್ರದ ವೈರ್ ಹಾಕುವುದು ರೂಢಿ. ಚಿಕ್ಕ ಎಸಿ, ಹತ್ತಿರದ ದೂರವಾದರೆ 2.5 ಕೂಡ ನಡೆಯುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟೇ ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು) ಇರಲಿ. ಪದೇ ಪದೇ ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕುವುದೆಂದರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಅರ್ಥಿಂಗ್ ಇದೆಯೋ ಇಲ್ಲವೋ ಅಳೆದು ನೋಡಲು ಹೇಳಿ. ಮೂರು ಪಿನ್ನಿನ ಸಾಕೆಟ್ ಕಂಡ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಎಸಿ ಹಾಕುವ ಮಾತೇ ಬೇಡ.

ಮನೆಗೆ ಮಂಜೂರಾದ ಲೋಡ್ ಎಷ್ಟು ಎಂದು ಕರೆಂಟ್ ಬಿಲ್ಲಿನಲ್ಲಿ ನೋಡಿ. ಗೀಸರ್, ಇಂಡಕ್ಷನ್ ಒಲೆ, ಎಸಿ ಒಟ್ಟಿಗೆ ಓಡಿದರೆ ಅದು ಮೀರಬಹುದು. ಲೋಡ್ ಹೆಚ್ಚಿಸಲು ಅರ್ಜಿ, ಶುಲ್ಕ, ಕಾಯುವ ದಿನಗಳು ಇರುತ್ತವೆ.

ಸ್ಟೆಬಿಲೈಸರ್ ಬೇಕೇ? ಎಸಿಯ ಮೇಲೆ ಇಷ್ಟರಿಂದ ಇಷ್ಟು ವೋಲ್ಟಿನವರೆಗೆ ಸ್ಟೆಬಿಲೈಸರ್ ಬೇಡ ಎಂದು ಬರೆದಿರುತ್ತಾರೆ. ನಿಮ್ಮ ಮನೆಯ ವೋಲ್ಟೇಜ್ ಆ ಗಡಿಯೊಳಗೇ ಇದ್ದರೆ ಬೇಡ. ಸಂಜೆ ದೀಪ ಮಂಕಾಗುವ, ಕರೆಂಟ್ ಹೋಗಿ ಬರುವಾಗ ಜಿಗಿಯುವ ಜಾಗವಾದರೆ ಹಾಕಿಸಿ. ಇನ್ವರ್ಟರ್ ಎಸಿಯ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟರೆ ಸ್ಟೆಬಿಲೈಸರಿಗಿಂತ ದುಬಾರಿ ಆಗುವುದೇ ಹೆಚ್ಚು.

ಹೆಜ್ಜೆ 4: ಎಲ್ಲಿ ಕೂರಿಸಬೇಕು

ಒಳಗಿನ ಯೂನಿಟ್ಟನ್ನು ಸಾಧ್ಯವಾದರೆ ಹೊರಗೋಡೆಗೇ ಕೂರಿಸಿ. ಪೈಪ್ ಗಿಡ್ಡವಾದಷ್ಟೂ ಖರ್ಚು ಕಡಿಮೆ, ತಂಪು ಜಾಸ್ತಿ. ನೆಲದಿಂದ ಏಳೆಂಟು ಅಡಿ ಎತ್ತರ, ಮೇಲೆ ಛಾವಣಿಗೆ ಕೈಪಿಡಿ ಹೇಳಿದಷ್ಟು ಜಾಗ. ಅಲ್ಲಿಂದಲೇ ಅದು ಗಾಳಿ ಒಳಗೆಳೆಯುವುದು. ಗಾಳಿ ನೇರ ಮಲಗಿದವರ ತಲೆಗೆ ಬೀಳದಿರಲಿ. ಕೆಳಗೆ ಟಿವಿ ಬೇಡ. ಎಂದಾದರೊಂದು ದಿನ ನೀರು ತೊಟ್ಟಿಕ್ಕಿಯೇ ತೀರುತ್ತದೆ.

ಹೊರಗಿನ ಯೂನಿಟ್ಟಿಗೆ ನೆರಳು ಒಳ್ಳೆಯದೇ, ಆದರೆ ನೆರಳಿಗಿಂತ ಮುಖ್ಯ ಗಾಳಿ. ಅದು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುವಂತಾದರೆ ಕರೆಂಟ್ ಸುಮ್ಮನೆ ಸುಡುತ್ತದೆ. ಚಂದ ಕಾಣಲೆಂದು ಅದರ ಮುಂದೆ ಒತ್ತೊತ್ತಾಗಿ ಜಾಲರಿ ಕಟ್ಟುವವರಿದ್ದಾರೆ. ಅಂಥ ಗೂಡಿನೊಳಗೆ ಯಂತ್ರ ಉಬ್ಬಸ ಬಂದವರ ಹಾಗೆ ಒದ್ದಾಡುತ್ತದೆ. ಹಿಂದೆ ಒಂದು ಗೇಣಾದರೂ, ಮುಂದೆ ಎರಡು ಮೂರು ಅಡಿಯಾದರೂ ಖಾಲಿ ಬಿಡಿ.

ಇನ್ನೊಂದು ವಿಷಯ. ರಿಪೇರಿಗೆ ಬಂದವನು ಅಲ್ಲಿಗೆ ಹೇಗೆ ತಲುಪುತ್ತಾನೆ? ಸ್ಥಳ ಆರಿಸುವಾಗ ಇದನ್ನು ಯಾರೂ ಕೇಳುವುದಿಲ್ಲ. ಮೂರನೇ ಮಹಡಿಯ ಹೊರಗೋಡೆಗೆ ನೇತುಹಾಕಿದರೆ ಪ್ರತಿ ಸರ್ವಿಸಿಗೂ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಅದಕ್ಕೆ ಬೇರೆಯೇ ಕೂಲಿ, ಜೊತೆಗೆ ಒಂದು ಜೀವದ ಪ್ರಶ್ನೆ. ಬಾಲ್ಕನಿಯ ಮೂಲೆ, ತಾರಸಿ ಸಿಕ್ಕರೆ ನಾಲ್ಕು ಅಡಿ ಪೈಪ್ ಜಾಸ್ತಿಯಾದರೂ ಅದೇ ಮೇಲು. ಗೋಡೆಗೇ ಕೂರಿಸುವುದಾದರೆ 25ರಿಂದ 45 ಕಿಲೋ ತೂಕ, ಮೇಲಿಂದ ಸದಾ ನಡುಕ. ಟೊಳ್ಳು ಇಟ್ಟಿಗೆಯ ಗೋಡೆಗೆ ಮಾಮೂಲಿ ಬೋಲ್ಟ್ ಸಾಲದು. ಬ್ರಾಕೆಟ್ಟಿಗೂ ಯೂನಿಟ್ಟಿಗೂ ನಡುವೆ ರಬ್ಬರ್ ಇಡಿಸಿ, ಇಲ್ಲದಿದ್ದರೆ ಗುಂಯ್‌ಗುಡುವ ಸದ್ದು ಗೋಡೆಗುಂಟ ಪಕ್ಕದ ಮನೆಗೂ ಹೋಗುತ್ತದೆ. ಮನೆ ಮಾಲೀಕರ, ಕಟ್ಟಡದ ಸಂಘದ ಒಪ್ಪಿಗೆ ಗೋಡೆ ಕೊರೆಯುವ ಮೊದಲೇ ಇರಲಿ.

ನೀರು ಹೋಗುವ ಪೈಪಿಗೆ ಕೊನೆಯವರೆಗೂ ಇಳಿಜಾರು ಬೇಕು. ನಡುವೆ ಎಲ್ಲೂ ಮೇಲೇರಬಾರದು, ತುದಿ ನೀರಿನಲ್ಲಿ ಮುಳುಗಬಾರದು. ಸೆಖೆ ಜೋರಿದ್ದಾಗ ಗಂಟೆಗೆ ಒಂದೆರಡು ಲೀಟರ್ ನೀರು ಬರುವುದುಂಟು. ಇಳಿಜಾರು ಸಿಗದ ಜಾಗಕ್ಕೆ ಪುಟ್ಟ ಪಂಪು ಬೇಕಾಗುತ್ತದೆ, ಅದೂ ಒಂದು ಖರ್ಚು.

ಹೆಜ್ಜೆ 5: ಖರ್ಚನ್ನು ಬರೆಸಿಕೊಳ್ಳಿ

ಫ್ರೀ ಇನ್‌ಸ್ಟಾಲೇಷನ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಅನೇಕ ಸಲ ಫ್ರೀ ಆಗಿರುವುದು ಮೆಕ್ಯಾನಿಕ್ಕಿನ ಕೂಲಿ ಮಾತ್ರ. ಸಾಮಾನಿನ ಬಿಲ್ ಕೆಲಸ ಮುಗಿದ ಮೇಲೆ ಕೈಗೆ ಬರುತ್ತದೆ. ಆಗ ಚೌಕಾಸಿಗೆ ಜಾಗವೇ ಇರುವುದಿಲ್ಲ, ಅಲ್ವಾ? ಹಣ ಕಟ್ಟುವ ಮೊದಲೇ ಈ ಪಟ್ಟಿ ಮುಂದಿಟ್ಟು ಒಂದೊಂದಕ್ಕೂ ದರ ಬರೆಸಿಕೊಳ್ಳಿ:

- ಪೆಟ್ಟಿಗೆಯಲ್ಲಿ ಎಷ್ಟು ಮೀಟರ್ ತಾಮ್ರದ ಪೈಪ್ ಬರುತ್ತದೆ, ಜಾಸ್ತಿ ಬೇಕಾದರೆ ಮೀಟರಿಗೆ ಎಷ್ಟು. ಪೈಪ್ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ.
- ಪೈಪಿನ ಮೇಲಿನ ಹೊದಿಕೆ, ಎರಡು ಯೂನಿಟ್ ನಡುವಿನ ವೈರ್, ನೀರಿನ ಪೈಪ್.
- ಸ್ಟ್ಯಾಂಡ್ ಅಥವಾ ಬ್ರಾಕೆಟ್, ಬೋಲ್ಟು, ರಬ್ಬರ್.
- ಗೋಡೆ ಕೊರೆಯುವುದು. ಕಾಂಕ್ರೀಟ್, ಗ್ರಾನೈಟ್, ಗಾಜು ಆದರೆ ದರ ಬೇರೆ.
- ಉದ್ದ ಪೈಪಿಗೆ ಹೆಚ್ಚುವರಿ ಗ್ಯಾಸ್.
- ಎತ್ತರದ ಕೆಲಸದ ಕೂಲಿ, ಏಣಿ ಅಥವಾ ಅಟ್ಟಣಿಗೆಯ ಬಾಡಿಗೆ.
- ಹಳೆಯ ಎಸಿ ಬಿಚ್ಚುವುದು, ಕೊನೆಯಲ್ಲಿ ಗಾರೆ ಮತ್ತು ಬಣ್ಣದ ತೇಪೆ.

ಇದರ ಜೊತೆಗೆ ಎಲೆಕ್ಟ್ರಿಷಿಯನ್ ಬಿಲ್ ಬೇರೆ. ಅದನ್ನು ಎಸಿ ಅಂಗಡಿಯವರು ಲೆಕ್ಕಕ್ಕೇ ತರುವುದಿಲ್ಲ.

ಪೈಪಿನ ವಿಷಯದಲ್ಲಿ ಒಂದು ಮಾತು. ಹಳೆಯ ಎಸಿಯ ಪೈಪನ್ನೇ ಹೊಸದಕ್ಕೆ ಬಳಸಿ ದುಡ್ಡು ಉಳಿಸೋಣ ಎಂಬ ಸಲಹೆ ಬರುತ್ತದೆ. ಹಿಂದಿನ ಆರ್-22 ಗ್ಯಾಸಿಗಿಂತ ಈಗಿನ ಆರ್-32, ಆರ್-410ಎ ಗ್ಯಾಸುಗಳ ಒತ್ತಡ ಸುಮಾರು ಒಂದೂವರೆ ಪಟ್ಟಿಗಿಂತ ಜಾಸ್ತಿ. ಒಳಗಿನ ಎಣ್ಣೆಯೂ ಬೇರೆ. ಗೋಡೆಯೊಳಗೆ ಹೂತು ತೆಗೆಯಲಾಗದ ಪೈಪ್ ಅಲ್ಲದಿದ್ದರೆ ಹೊಸದನ್ನೇ ಹಾಕಿಸಿ.

ಹೆಜ್ಜೆ 6: ಫಿಟ್ಟಿಂಗ್ ದಿನ ಮನೆಯಲ್ಲೇ ಇರಿ

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದು. ಎಸಿ ಬರುವ ದಿನ ರಜೆ ಹಾಕಿ. ಕಾಫಿ ಕೊಟ್ಟು ಮಾತಾಡಿಸುತ್ತಾ ಪಕ್ಕದಲ್ಲೇ ನಿಲ್ಲಿ. ಬಂದವರನ್ನು ಅನುಮಾನಿಸಬೇಕು ಅಂತಲ್ಲ. ದಿನಕ್ಕೆ ಇಷ್ಟು ಎಸಿ ಮುಗಿಸಬೇಕು ಎಂಬ ಒತ್ತಡ ಅವರ ತಲೆಯ ಮೇಲಿರುತ್ತದೆ. ಕೇಳುವವರಿದ್ದ ಕಡೆ ಕೆಲಸ ಸ್ವಲ್ಪ ನಿಧಾನಕ್ಕೆ ಆಗುತ್ತದೆ, ಅಷ್ಟೇ.

ಮೊದಲು ಗೋಡೆಗೆ ಪ್ಲೇಟ್ ಹೊಡೆಯುತ್ತಾರೆ. ಮಟ್ಟಗೋಲು ಇಟ್ಟು ನೋಡಲಿ. ಪೈಪಿನ ತೂತು ಒಳಗಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲವಾದರೆ ಮಳೆನೀರೂ ಎಸಿ ನೀರೂ ಒಳಗೆ ಹರಿಯುತ್ತದೆ. ಕೊರೆಯುವ ಮೊದಲು ಗೋಡೆಯೊಳಗೆ ವೈರ್, ನೀರಿನ ಪೈಪ್ ಎಲ್ಲಿ ಹೋಗಿದೆ ಎಂದು ನೀವೇ ತೋರಿಸಿ. ಅವರಿಗೆ ಅದು ಗೊತ್ತಿರುವುದಿಲ್ಲ.

ಆಮೇಲೆ ಪೈಪಿನ ತುದಿಯನ್ನು ಹೂವಿನ ಹಾಗೆ ಅರಳಿಸಿ ನಟ್ಟಿನಿಂದ ಬಿಗಿಯುತ್ತಾರೆ. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಗ್ಯಾಸ್ ಸೋರಿಕೆಯ ತವರು ಇದೇ. ಅರಳಿಸಿದ ಅಂಚು ನಯವಾಗಿ, ಬಿರುಕಿಲ್ಲದೆ ಇರಬೇಕು. ನಟ್ಟು ಸಡಿಲವಾದರೆ ಸೋರುತ್ತದೆ. ಶಕ್ತಿಯೆಲ್ಲ ಹಾಕಿ ಬಿಗಿದರೆ ತಾಮ್ರ ಸೀಳಿ ಆಗಲೂ ಸೋರುತ್ತದೆ. ಅದಕ್ಕೆಂದೇ, ಬೇಕಾದಷ್ಟೇ ಬಿಗಿಯಲು, ಟಾರ್ಕ್ ರೆಂಚ್ ಎಂಬ ಸ್ಪ್ಯಾನರ್ ಇದೆ. ಅದನ್ನು ತಂದಿರುವ ಮೆಕ್ಯಾನಿಕ್ ಸಿಕ್ಕರೆ ಅವನ ನಂಬರ್ ಜೋಪಾನವಾಗಿಟ್ಟುಕೊಳ್ಳಿ. ಬಿಗಿದ ಮೇಲೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ನೋಡುವುದು ಸರಿಯಾದ ಪರೀಕ್ಷೆ. ಆಗಲೇ ಸೋಪಿನ ನೀರನ್ನೂ ಹಚ್ಚಬೇಕು. ಗ್ಯಾಸ್ ಹೋಗುವ, ಬರುವ ಎರಡೂ ಪೈಪಿಗೆ ಬೇರೆ ಬೇರೆಯಾಗಿ ಹೊದಿಕೆ ಬೇಕು. ಜೋಡಣೆಯ ಜಾಗಕ್ಕೂ ಹೊದಿಕೆ ಬೇಕು, ಆದರೆ ಪರೀಕ್ಷೆ ಮುಗಿದ ಮೇಲೆ.

ಇನ್ನು ವ್ಯಾಕ್ಯೂಮ್. ಹೊಸ ಪೈಪಿನೊಳಗೆ ಗಾಳಿಯೂ ತೇವವೂ ಇರುತ್ತದೆ. ಅದನ್ನು ಪಂಪಿನಿಂದ ಪೂರ್ತಿ ಎಳೆದು ತೆಗೆದ ಮೇಲೆಯೇ ಗ್ಯಾಸ್ ಬಿಡಬೇಕು. ಒಳಗೆ ಒತ್ತಡ ಅಷ್ಟು ಇಳಿದಾಗ ಪೈಪಿನಲ್ಲಿರುವ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಹೊರಬರುತ್ತದೆ. ಕಡಿಮೆಯೆಂದರೂ 15ರಿಂದ 30 ನಿಮಿಷ ಹಿಡಿಯುವ ಕೆಲಸ. ಗೇಜಿನಲ್ಲಿ 500 ಮೈಕ್ರಾನ್ (ಇಲ್ಲಿ ಇದು ಅತಿ ಕಡಿಮೆ ಒತ್ತಡದ ಅಳತೆ) ತನಕ ಇಳಿಸಿ, ಪಂಪ್ ನಿಲ್ಲಿಸಿ, ಮುಳ್ಳು ಅಲ್ಲೇ ನಿಲ್ಲುತ್ತದೆಯೇ ನೋಡುವುದು ಒಳ್ಳೆಯ ಪದ್ಧತಿ.

ಅರ್ಜೆಂಟಿನವರು ಏನು ಮಾಡುತ್ತಾರೆ ಗೊತ್ತೇ? ವಾಲ್ವ್ ಸ್ವಲ್ಪ ತಿರುಗಿಸಿ, ಹೊರಗಿನ ಯೂನಿಟ್ಟಿನ ಗ್ಯಾಸನ್ನೇ ಪೈಪಿನಲ್ಲಿ ಬುಸ್ ಎಂದು ಬಿಟ್ಟು ಗಾಳಿ ತಳ್ಳಿಬಿಡುತ್ತಾರೆ. ಅರ್ಧ ನಿಮಿಷದ ಕೆಲಸ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಗಾಳಿ ಒಂದಿಷ್ಟು ಹೋದರೂ ತೇವ ಒಳಗೇ ಉಳಿಯುತ್ತದೆ. ಅದು ಕಂಪ್ರೆಸರಿನ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ, ವರ್ಷಗಟ್ಟಲೆ ಒಳಗೊಳಗೇ ತಿನ್ನುತ್ತದೆ. ಜೊತೆಗೆ ನೀವು ದುಡ್ಡು ಕೊಟ್ಟ ಗ್ಯಾಸೂ ಹೋಯಿತು. ಆರ್-32 ಬೆಂಕಿಗೆ ಹೊತ್ತಿಕೊಳ್ಳಬಲ್ಲದು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 675 ಪಟ್ಟು ಜೋರು. ಆದ್ದರಿಂದ ಬುಕ್ ಮಾಡುವಾಗಲೇ ಕೇಳಿ: ವ್ಯಾಕ್ಯೂಮ್ ಪಂಪ್ ತರ್ತೀರಾ? ತರದೆ ಬಂದರೆ ಇನ್ನೊಂದು ದಿನ ಬನ್ನಿ ಎಂದು ಕಳಿಸಿ. ಮುಜುಗರ ಆಗುತ್ತದೆ, ನಿಜ. ಆಗಲಿ.

ಹೆಜ್ಜೆ 7: ಅವರು ಹೊರಡುವ ಮೊದಲು

ಒಳಗಿನ ಯೂನಿಟ್ಟಿನ ತಟ್ಟೆಗೆ ಒಂದು ಚೊಂಬು ನೀರು ಹುಯ್ಯಿಸಿ, ಹೊರಗೆ ಸರಾಗವಾಗಿ ಬರುತ್ತದೆಯೇ ನೋಡಿ. ಎಸಿಯನ್ನು 15 ನಿಮಿಷ ಜೋರಾಗಿ ಓಡಿಸಿ. ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಚೆನ್ನ. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ಅಳೆದು, ಲೇಬಲ್ಲಿನಲ್ಲಿ ಬರೆದ ಆಂಪಿಯರ್ ಜೊತೆ ಹೋಲಿಸಲಿ. ತೂತಿನ ಸುತ್ತ ಮುಚ್ಚಿಸಿ, ಇಲ್ಲದಿದ್ದರೆ ಇಲಿ, ಹಲ್ಲಿ, ಇರುವೆಗೆ ಅದೇ ಹೆಬ್ಬಾಗಿಲು. ಫಿಟ್ಟಿಂಗ್ ಮಾಡಿದ ದಿನ, ಪೈಪಿನ ಉದ್ದ, ಎಷ್ಟು ಗ್ಯಾಸ್ ಸೇರಿಸಿದರು ಎಂಬುದೆಲ್ಲ ಕಾಗದದಲ್ಲಿ ಇರಲಿ. ಸೀರಿಯಲ್ ನಂಬರಿನ ಫೋಟೊ ಈಗಲೇ ತೆಗೆದಿಡಿ. ಆಮೇಲೆ ಅದನ್ನು ಓದಲು ಏಣಿ ಹತ್ತಬೇಕಾಗುತ್ತದೆ.

ಹೆಜ್ಜೆ 8: ಓಡಿಸುವ ಖರ್ಚು

ಇದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕು, ನಾನು ಕೊನೆಗೆ ಹೇಳುತ್ತಿದ್ದೇನೆ ಅಷ್ಟೇ. ಮೇಲೆ ಹೇಳಿದ ಒಂದೂವರೆ ಟನ್ ಎಸಿ ಪೂರ್ತಿ ಜೋರಿನಲ್ಲಿ ಓಡಿದರೆ ಗಂಟೆಗೆ ಒಂದೂವರೆ ಯೂನಿಟ್. ರಾತ್ರಿ ಎಂಟು ಗಂಟೆ ಕಾಲ ಓಡಿದರೆ 12. ಆದರೆ ಕೋಣೆ ತಣ್ಣಗಾದ ಮೇಲೆ ಅಷ್ಟು ಎಳೆಯುವುದಿಲ್ಲ. ಸರಾಸರಿ ಶೇಕಡ 60 ಎಂದು ಹಿಡಿದರೆ ರಾತ್ರಿಗೆ ಏಳು ಯೂನಿಟ್ ಚಿಲ್ಲರೆ. ವರ್ಷಕ್ಕೆ 120 ರಾತ್ರಿ ಎಂದರೆ 864 ಯೂನಿಟ್. ಹತ್ತು ವರ್ಷಕ್ಕೆ 8,640.

ಈಗ ಅದಕ್ಕಿಂತ ಶೇಕಡ 20ರಷ್ಟು ಹೆಚ್ಚು ದಕ್ಷತೆಯ ಇನ್ನೊಂದು ಎಸಿ ಇದೆ ಎನ್ನಿ. ಅದೇ ತಂಪಿಗೆ ಹತ್ತು ವರ್ಷದಲ್ಲಿ ಅದು 7,200 ಯೂನಿಟ್ ತಿನ್ನುತ್ತದೆ. ಉಳಿತಾಯ 1,440 ಯೂನಿಟ್. ಇದನ್ನು ನಿಮ್ಮ ದರದಿಂದ ಗುಣಿಸಿ. ಬಂದ ಮೊತ್ತ ಎರಡು ಎಸಿಗಳ ಬೆಲೆಯ ವ್ಯತ್ಯಾಸಕ್ಕಿಂತ ದೊಡ್ಡದಿದ್ದರೆ ದುಬಾರಿಯದೇ ಅಗ್ಗ. ವರ್ಷಕ್ಕೆ ಇಪ್ಪತ್ತು ರಾತ್ರಿ ಮಾತ್ರ ಹಾಕುವ ಅತಿಥಿ ಕೋಣೆಗಾದರೆ ಸಾದಾ ಎಸಿಯೇ ಸಾಕು. ಬಳಕೆ ಏರಿದ ಹಾಗೆ ದರ ಏರುವ ಕಡೆ, ಗುಣಿಸುವಾಗ ಸರಾಸರಿ ದರ ಹಿಡಿಯಬೇಡಿ. ಎಸಿಯ ಯೂನಿಟ್ಟುಗಳು ಬಿಲ್ಲಿನ ತುದಿಗೆ ಸೇರುವಂಥವು. ಅವುಗಳಿಗೆ ಬೀಳುವುದು ಎಲ್ಲಕ್ಕಿಂತ ಮೇಲಿನ ಹಂತದ ದರ.

ನಿರ್ವಹಣೆ ಹೆಚ್ಚೇನಿಲ್ಲ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನೀವೇ ತೊಳೆಯಿರಿ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ಸುತ್ತಿಸುತ್ತದೆ. ಹಾಗಾಗಿ ಆಗಾಗ ಕಿಟಕಿ ತೆರೆಯಿರಿ, ಮುಚ್ಚಿದ ಎಸಿ ಕೋಣೆಯಲ್ಲಿ ಕೆಂಡ, ಗ್ಯಾಸ್ ಒಲೆ ಹಚ್ಚಲೇಬೇಡಿ.

ಮುಂದೊಂದು ದಿನ ತಂಪು ಕಡಿಮೆಯಾಗಿ, ಬಂದವರು ಗ್ಯಾಸ್ ಖಾಲಿ ಸಾರ್, ತುಂಬಿಸಬೇಕು ಎಂದರೆ ಪೆಟ್ರೋಲಿನ ಹಾಗೆ ಅದು ಸುಟ್ಟು ಖಾಲಿಯಾಗುವುದಲ್ಲ ಎಂದು ನೆನಪಿಸಿ. ಅದು ಒಳಗೇ ಸುತ್ತುತ್ತಿರುವ ಗ್ಯಾಸು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಒಂದು ಬಟ್ಟಲಲ್ಲಿ ಸೋಪಿನ ನೀರು ಕಲಸಿ ಕೈಗೆ ಕೊಡಿ.